ಮರುಭೂಮಿಯ ನಗರದಲ್ಲಿ ಚಂದ್ರೋದಯ

ಸಂಕಷ್ಟ ಚತುರ್ಥಿಯ ರಾತ್ರಿ ಉಪವಾಸವಿರುವ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುವುದುಂಟು: “ಚಂದ್ರ ಮೂಡಿದನೇ, ನೋಡಿ ಬಾ ಮಗು.” ಮಗು ಅಂಗಳಕ್ಕೆ ಓಡುತ್ತದೆ, ತೆಂಗಿನ ಮರಗಳ ನಡುವೆ ಇಣುಕಿ ನೋಡುತ್ತದೆ, “ಇಲ್ಲ ಅಮ್ಮಾ” ಎಂದು ಹಿಂದಿರುಗುತ್ತದೆ. ಗೋಡೆಯಲ್ಲಿ ತೂಗುವ ಪಂಚಾಂಗದಲ್ಲಿ ಚಂದ್ರೋದಯದ ವೇಳೆ ಅಚ್ಚಾಗಿದೆ. ಆ ವೇಳೆ ಕಳೆದು ಕಾಲುಗಂಟೆಗೂ ಮಿಕ್ಕಿದೆ. ಆದರೂ ಚಂದ್ರನ ಸುಳಿವಿಲ್ಲ. ಬೆಳಗಿನಿಂದ ಹಸಿದಿರುವ ತಾಯಿ ಏನೆಂದುಕೊಳ್ಳಬೇಕು? ಪಂಚಾಂಗ ಸುಳ್ಳೇ? ಗಡಿಯಾರ ಕೆಟ್ಟಿತೇ? ಅಥವಾ ಚಂದ್ರನೇ ತಡಮಾಡಿದನೇ?

ಈ ಮೂರೂ ಅಲ್ಲವೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯಪಡಿಸುವುದೇ ಪ್ರಕೃತ ಲೇಖನದ ಉದ್ದೇಶ. ಚಂದ್ರೋದಯದ ವೇಳೆ ಎಂಬುದು ದೇಶಕ್ಕೆಲ್ಲ ಒಂದೇ ಆದ ವೇಳೆಯಲ್ಲ. ಅದು ದಿನಕ್ಕೊಂದು, ಅಷ್ಟೇ ಅಲ್ಲ, ಊರಿಗೊಂದು. ಇದರ ನಿಯಮಗಳು ಕಠಿಣವಾದವುಗಳೇನೂ ಅಲ್ಲ. ಕೂಡುವ, ಕಳೆಯುವ, ಗುಣಿಸುವ ಲೆಕ್ಕ ಬಲ್ಲವರೆಲ್ಲರೂ ಅವನ್ನು ಅರಿಯಬಹುದು. ಆದರೆ ನಿಯಮಗಳನ್ನು ಕಣ್ಣಾರೆ ಕಾಣಬೇಕಾದರೆ ಪೂರ್ವಪಶ್ಚಿಮಗಳೆರಡೂ ತೆರೆದಿರುವ, ಮೋಡಗಳ ಕಾಟ ಕಡಮೆಯಾದ ಬಯಲು ಬೇಕು. ನಮ್ಮ ಕಾಸರಗೋಡಿನಲ್ಲಿ ಪಶ್ಚಿಮಕ್ಕೆ ಕಡಲು ತೆರೆದಿದೆಯಾದರೂ ಪೂರ್ವಕ್ಕೆ ಗುಡ್ಡಗಳೂ ಅವುಗಳಾಚೆ ಸಹ್ಯಾದ್ರಿಯೂ ನಿಂತಿವೆ. ವರ್ಷದಲ್ಲಿ ಹಲವು ತಿಂಗಳು ಆಕಾಶವೇ ಕಾಣುವುದಿಲ್ಲ. ಆದುದರಿಂದ ವಾಚಕರನ್ನು ಮೊದಲು ಇಂತಹ ಅಡ್ಡಿಗಳಿಲ್ಲದ ಒಂದು ಮರುಭೂಮಿಯ ನಗರಕ್ಕೆ ಕರೆದೊಯ್ದು, ಅಲ್ಲಿ ಕಲಿತುದನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಹಿಂದಿರುಗುವೆವು.

ಜೈಸಲ್ಮೇರು

ರಾಜಸ್ಥಾನದ ಪಶ್ಚಿಮ ಭಾಗದಲ್ಲಿ, ಥಾರ್ ಮರುಭೂಮಿಯ ನಡುವೆ, ಜೈಸಲ್ಮೇರು ನಗರವಿದೆ. ಕ್ರಿ.ಶ. 1156ರಲ್ಲಿ ಭಾಟಿ ರಜಪೂತರ ರಾವಲ್ ಜೈಸಲನು ಇದನ್ನು ಸ್ಥಾಪಿಸಿದನೆಂದು ಹೇಳುವರು. ತ್ರಿಕೂಟವೆಂಬ ಗುಡ್ಡದ ಮೇಲೆ ಹಳದಿ ಮರಳುಗಲ್ಲಿನಿಂದ ಕಟ್ಟಿದ ಕೋಟೆ ಇದೆ. ಕೋಟೆಯೊಳಗೆ ಇಂದಿಗೂ ಮನೆಮಠಗಳಿದ್ದು ಜನರು ವಾಸವಾಗಿದ್ದಾರೆ. ಭಾಟಿ ಅರಸರು ತಮ್ಮನ್ನು ಚಂದ್ರವಂಶದವರೆಂದೂ ಯದುಕುಲದವರೆಂದೂ ಹೇಳಿಕೊಂಡರು. ನಮ್ಮ ಹೊಯ್ಸಳರೂ ಮೈಸೂರಿನ ಒಡೆಯರೂ ಅದೇ ಯದುವಿನ ಹೆಸರನ್ನು ಹೇಳಿಕೊಂಡವರೇ. ಚಂದ್ರನನ್ನು ಕುಲಮೂಲವೆಂದು ಎಣಿಸಿದ ಅರಸರ ನಗರವು ಚಂದ್ರನನ್ನು ನೋಡುವುದಕ್ಕೆ ಇಷ್ಟು ತಕ್ಕ ಸ್ಥಳವಾಗಿರುವುದು ಒಂದು ಸೊಗಸಾದ ಹೊಂದಿಕೆಯೇ ಸರಿ.

ಈ ನಗರದಲ್ಲಿ ವರ್ಷಕ್ಕೆ ಸರಾಸರಿ 20 ಸೆಂಟಿಮೀಟರಿನಷ್ಟೂ ಮಳೆ ಬೀಳುವುದಿಲ್ಲ. ಕಾಸರಗೋಡಿನಲ್ಲಿ 300 ಸೆಂಟಿಮೀಟರಿಗೂ ಮೀರಿ ಬೀಳುತ್ತದೆ. ಗಾಳಿಯಲ್ಲಿ ನೀರಿನ ಅಂಶ ಕಡಮೆಯಾದುದರಿಂದ ಹಗಲಿನ ಕಾವು ರಾತ್ರಿ ಬೇಗನೆ ಆರಿಹೋಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗಿರುತ್ತದೆ. ಮರುಭೂಮಿಯಲ್ಲಿ ಎಲ್ಲ ಕಾಲವೂ ಹೀಗೆಯೇ ಎಂದು ಮಾತ್ರ ತಿಳಿಯಬಾರದು. ಮೇ ಮತ್ತು ಜೂನ್ ತಿಂಗಳುಗಳಲ್ಲಿ ‘ಆಂಧಿ’ ಎಂಬ ದೂಳಿನ ಬಿರುಗಾಳಿ ಏಳುವುದುಂಟು. ಆಗ ದಿಗಂತದ ಮೇಲೆ ದೂಳಿನ ತೆರೆ ನಿಂತು, ಮೂಡಿದ ಚಂದ್ರನು ಎಷ್ಟೋ ಹೊತ್ತಿನ ಮೇಲೆ ಮಂಕಾಗಿ ಕಾಣಿಸಿಕೊಳ್ಳುತ್ತಾನೆ.

ಪ್ರತಿ ವರ್ಷವೂ ಮಾಘಮಾಸದಲ್ಲಿ ಅಲ್ಲಿ ಮರು ಮಹೋತ್ಸವವು ನಡೆದು ಹುಣ್ಣಿಮೆಯಂದು ಮುಕ್ತಾಯವಾಗುತ್ತದೆ. ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಸಮ್ ಎಂಬಲ್ಲಿನ ಮರಳದಿಬ್ಬಗಳಿಗೆ ಜನರು ಅಂದು ಸಂಜೆ ಸೇರುತ್ತಾರೆ. ಆರೂವರೆಯ ಸುಮಾರಿಗೆ ಒಂದು ಕಡೆ ಸೂರ್ಯನು ಮರಳಿನಲ್ಲಿ ಮುಳುಗುತ್ತಿರಲು, ಅದೇ ಹೊತ್ತಿನ ಆಸುಪಾಸಿನಲ್ಲಿ ಬೆನ್ನ ಹಿಂದೆ ಪೂರ್ಣಚಂದ್ರನು ಮೂಡುತ್ತಾನೆ. ದಿಬ್ಬದ ನೆತ್ತಿಯ ಮೇಲೆ ನಿಂತವನು ಬರಿಯ ತಲೆ ತಿರುಗಿಸಿ ಎರಡನ್ನೂ ನೋಡಬಹುದು. ಹುಣ್ಣಿಮೆಯೆಂದರೆ ಭೂಮಿಯ ಒಂದು ಪಕ್ಕದಲ್ಲಿ ಸೂರ್ಯ, ಎದುರು ಪಕ್ಕದಲ್ಲಿ ಚಂದ್ರ ಎಂಬ ಪಾಠಪುಸ್ತಕದ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ.

ದಿನದಿನವೂ ತಡವೇಕೆ?

ಮಹೋತ್ಸವ ಮುಗಿದ ಮರುದಿನ ಅದೇ ದಿಬ್ಬದ ಮೇಲೆ ಅದೇ ಹೊತ್ತಿಗೆ ನಿಂತರೆ ಚಂದ್ರನು ಕಾಣುವುದಿಲ್ಲ. ಸೂರ್ಯ ಮುಳುಗಿ, ಕತ್ತಲೆ ಕವಿದು, ಸುಮಾರು ಮುಕ್ಕಾಲು ಗಂಟೆಗೂ ಹೆಚ್ಚು ಕಾಯಬೇಕಾಗುತ್ತದೆ. ಅದರ ಮರುದಿನ ಇನ್ನೂ ಅಷ್ಟು ತಡ. ಇದೇಕೆ?

ಭೂಮಿಯು ತನ್ನ ಸುತ್ತ 24 ಗಂಟೆಗಳಲ್ಲಿ ಒಂದು ಸಲ ತಿರುಗುವಂತೆ ನಮಗೆ ಗಡಿಯಾರವು ತೋರಿಸುತ್ತದೆ. ಒಂದು ಸುತ್ತಿಗೆ 360 ಅಂಶಗಳು, ಎಂದರೆ ಡಿಗ್ರಿಗಳು. ಆದುದರಿಂದ ಒಂದು ಅಂಶ ತಿರುಗಲು 4 ನಿಮಿಷ ಬೇಕು. ವಿದ್ಯಾರ್ಥಿಗಳು ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಎಲ್ಲೆಡೆಯೂ ಇದೇ ಬರುತ್ತದೆ.

ಇತ್ತ ಚಂದ್ರನೂ ಸುಮ್ಮನಿಲ್ಲ. ಅವನು ನಕ್ಷತ್ರಗಳ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ನಡೆಯುತ್ತ 27.32 ದಿನಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತಾನೆ. 360ನ್ನು 27.32ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 13 ಅಂಶ. ಸೂರ್ಯನೂ ಅದೇ ದಿಕ್ಕಿನಲ್ಲಿ ದಿನಕ್ಕೆ ಸುಮಾರು 1 ಅಂಶ ಸರಿಯುವಂತೆ ತೋರುವುದರಿಂದ, ಸೂರ್ಯನಿಗೆ ಹೋಲಿಸಿದರೆ ಚಂದ್ರನು ದಿನವೂ 12 ಅಂಶ ಪೂರ್ವಕ್ಕೆ ಸರಿಯುತ್ತಾನೆ. ಈ 12 ಅಂಶವೇ ನಮ್ಮ ಒಂದು ತಿಥಿಯ ಅಳತೆ. ಭೂಮಿಯು ಒಂದು ಸುತ್ತು ತಿರುಗಿ ನಿನ್ನೆಯ ಸ್ಥಳಕ್ಕೆ ಬಂದಾಗ ಚಂದ್ರನು ಇನ್ನೂ 12 ಅಂಶ ಕೆಳಗಿರುತ್ತಾನೆ. ಆ ಅಂತರವನ್ನು ತುಂಬಲು 12 ನಾಲ್ಕಲೆ 48 ನಿಮಿಷ ಬೇಕು. ಘಳಿಗೆಯ ಲೆಕ್ಕದಲ್ಲಿ ಹೇಳುವುದಾದರೆ ಸರಿಯಾಗಿ ಎರಡು ಘಳಿಗೆ. ಆ 48 ನಿಮಿಷಗಳಲ್ಲಿಯೂ ಚಂದ್ರನು ತುಸು ಮುಂದುವರಿಯುವುದರಿಂದ ಒಟ್ಟು ತಡವು ಸರಾಸರಿ 50 ನಿಮಿಷವಾಗುತ್ತದೆ.

ಇದರಿಂದ ತಿಂಗಳ ಚಿತ್ರವೆಲ್ಲ ತಾನಾಗಿಯೇ ಮೂಡುತ್ತದೆ. ಅಮಾವಾಸ್ಯೆಯಂದು ಚಂದ್ರನು ಸೂರ್ಯನೊಡನೆ ಮೂಡಿ ಸೂರ್ಯನೊಡನೆ ಮುಳುಗುತ್ತಾನೆ. ಶುಕ್ಲ ಅಷ್ಟಮಿಯ ಸುಮಾರಿಗೆ ಮಧ್ಯಾಹ್ನ ಮೂಡಿ ಮಧ್ಯರಾತ್ರಿಗೆ ಮುಳುಗುತ್ತಾನೆ. ಹುಣ್ಣಿಮೆಗೆ ಸಂಜೆ ಮೂಡಿ ಬೆಳಗ್ಗೆ ಮುಳುಗುತ್ತಾನೆ. ಕೃಷ್ಣ ಅಷ್ಟಮಿಯ ಸುಮಾರಿಗೆ ಮಧ್ಯರಾತ್ರಿಗೆ ಮೂಡಿ ಮರುದಿನ ಮಧ್ಯಾಹ್ನ ಮುಳುಗುತ್ತಾನೆ. ಚಂದ್ರನು ರಾತ್ರಿಗೆ ಮಾತ್ರ ಸೇರಿದವನೆಂದು ಹಲವು ಮಕ್ಕಳು ತಿಳಿದಿರುವುದು ತಪ್ಪು. ಜೈಸಲ್ಮೇರಿನ ಕಡುನೀಲಿ ಹಗಲಿನಲ್ಲಿ ಅಷ್ಟಮಿಯ ಬಿಳಿಯ ಅರ್ಧಚಂದ್ರನು ಸ್ಪಷ್ಟವಾಗಿ ಕಾಣುತ್ತಾನೆ. ನಮ್ಮಲ್ಲಿಯೂ ಮಳೆ ನಿಂತ ಮೇಲೆ ನೋಡಬಹುದು.

ಚಂದ್ರೋದಯವಿಲ್ಲದ ದಿನ

ಚಂದ್ರೋದಯದ ವೇಳೆಗಳನ್ನು ಪಟ್ಟಿಮಾಡಿದ ಯಾವ ಪುಸ್ತಕವನ್ನು ತೆರೆದರೂ ತಿಂಗಳಿಗೊಮ್ಮೆ ಒಂದು ದಿನದ ಮುಂದೆ ಬರಿಯ ಗೀಟು ಇರುವುದನ್ನು ಕಾಣಬಹುದು. ಅದು ಅಚ್ಚಿನ ತಪ್ಪಲ್ಲ. ಸೋಮವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಚಂದ್ರನು ಮೂಡಿದನೆನ್ನೋಣ. ಮುಂದಿನ ಚಂದ್ರೋದಯವು 24 ಗಂಟೆ 50 ನಿಮಿಷಗಳ ಮೇಲೆ, ಎಂದರೆ ಮಂಗಳವಾರದ ಮಧ್ಯರಾತ್ರಿ ಕಳೆದು 12 ಗಂಟೆ 30 ನಿಮಿಷಕ್ಕೆ. ಆಗ ತಾರೀಕು ಬುಧವಾರದ್ದಾಗಿರುತ್ತದೆ. ಮಂಗಳವಾರದ ಪಾಲಿಗೆ ಚಂದ್ರೋದಯವೇ ಇಲ್ಲ! ಕೃಷ್ಣ ಅಷ್ಟಮಿಯ ಆಸುಪಾಸಿನಲ್ಲಿ ಹೀಗಾಗುತ್ತದೆ. ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ ಇದೇ ಕಾರಣದಿಂದ ಚಂದ್ರಾಸ್ತವಿಲ್ಲದ ದಿನವೊಂದು ಬರುತ್ತದೆ.

ಇನ್ನೊಂದು ವಿಶೇಷವನ್ನೂ ಗಮನಿಸಬೇಕು. 50 ನಿಮಿಷ ಎಂಬುದು ಸರಾಸರಿ ಮಾತ್ರ. ಚಂದ್ರನ ದಾರಿಯು ದಿಗಂತಕ್ಕೆ ಒಮ್ಮೆ ಒರಗಿದಂತೆಯೂ ಒಮ್ಮೆ ನೆಟ್ಟಗೆ ನಿಂತಂತೆಯೂ ಇರುತ್ತದೆ. ಆಶ್ವಯುಜದ ಹುಣ್ಣಿಮೆಯ ದಿನಗಳಲ್ಲಿ ಮೂಡುವ ಚಂದ್ರನ ದಾರಿ ಪೂರ್ವದಿಗಂತಕ್ಕೆ ಒರಗಿರುವುದರಿಂದ, ಅವನು ದಿನವೂ 12 ಅಂಶ ಸರಿದರೂ ದಿಗಂತದಿಂದ ಅಷ್ಟಾಗಿ ಕೆಳಗಿಳಿಯುವುದಿಲ್ಲ. ಜೈಸಲ್ಮೇರಿನಲ್ಲಿ ಆಗ ದಿನದ ತಡ ಸುಮಾರು 35 ನಿಮಿಷವಷ್ಟೆ. ಮಾರ್ಚಿ ತಿಂಗಳ ಹುಣ್ಣಿಮೆಯ ಸುಮಾರಿಗೆ ಹತ್ತಿರ ಹತ್ತಿರ ಒಂದು ಗಂಟೆ. ಕಾಸರಗೋಡು ಭೂಮಧ್ಯರೇಖೆಗೆ ಹೆಚ್ಚು ಸಮೀಪವಾದುದರಿಂದ ನಮ್ಮಲ್ಲಿ ಈ ಏರಿಳಿತ ಕಡಮೆ: ಆ ಎರಡು ಹುಣ್ಣಿಮೆಗಳಲ್ಲಿ ಸುಮಾರು 40 ನಿಮಿಷ ಮತ್ತು 50 ನಿಮಿಷ.

ಊರಿಗೊಂದು ವೇಳೆ

ಇನ್ನು ಊರೂರಿನ ಭೇದಕ್ಕೆ ಬರೋಣ. ಭಾರತದ ಗಡಿಯಾರಗಳೆಲ್ಲವೂ ಒಂದೇ ವೇಳೆಯನ್ನು ತೋರಿಸುತ್ತವೆ. 1906ನೆಯ ಇಸವಿ ಜನವರಿ 1ರಿಂದ ಆಚರಣೆಗೆ ಬಂದ ಈ ವೇಳೆಯು ಪೂರ್ವರೇಖಾಂಶ 82½ ಅಂಶಕ್ಕೆ ಸಲ್ಲುವಂಥದು. ಆ ರೇಖೆ ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಜೈಸಲ್ಮೇರು ಇರುವುದು ಸುಮಾರು 71 ಅಂಶದ ಮೇಲೆ. ಕಾಸರಗೋಡು 75ರ ಮೇಲೆ. ಒಂದು ಅಂಶಕ್ಕೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ಜೈಸಲ್ಮೇರಿನ ನಿಜವಾದ ಸ್ಥಳೀಯ ವೇಳೆಯು ಗಡಿಯಾರಕ್ಕಿಂತ 46 ನಿಮಿಷ ಹಿಂದೆ. ನಮ್ಮದು 30 ನಿಮಿಷ ಹಿಂದೆ. ಆದುದರಿಂದ ಬೇರೆ ಕಾರಣಗಳಿಲ್ಲದಿದ್ದರೆ ಸೂರ್ಯಚಂದ್ರರು ಕಾಸರಗೋಡಿನಲ್ಲಿ ಮೂಡಿ ಸುಮಾರು 16 ನಿಮಿಷಗಳ ಮೇಲೆ ಜೈಸಲ್ಮೇರಿನಲ್ಲಿ ಮೂಡಬೇಕು.

ಆದರೆ ಬೇರೆ ಕಾರಣವೊಂದಿದೆ, ಅದು ಅಕ್ಷಾಂಶ. ಜೈಸಲ್ಮೇರು ಸುಮಾರು 27 ಅಂಶ ಉತ್ತರದಲ್ಲಿದೆ; ಕಾಸರಗೋಡು 12½ ಅಂಶದಲ್ಲಿ. ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಒಂದು ನಡುಗೆರೆಯನ್ನು ಕಲ್ಪಿಸಿಕೊಳ್ಳೋಣ. ಚಂದ್ರನು ಈ ನಡುಗೆರೆಗೆ ಉತ್ತರದಲ್ಲಿರುವಾಗ ಉತ್ತರದ ಊರುಗಳಲ್ಲಿ ಬೇಗ ಮೂಡಿ ತಡವಾಗಿ ಮುಳುಗುತ್ತಾನೆ. ದಕ್ಷಿಣದಲ್ಲಿರುವಾಗ ಅಲ್ಲಿ ತಡವಾಗಿ ಮೂಡಿ ಬೇಗ ಮುಳುಗುತ್ತಾನೆ. ಬೇಸಗೆಯಲ್ಲಿ ಉತ್ತರಭಾರತದ ಹಗಲು ನಮ್ಮ ಹಗಲಿಗಿಂತ ಉದ್ದವಾಗಿಯೂ ಚಳಿಗಾಲದಲ್ಲಿ ಗಿಡ್ಡವಾಗಿಯೂ ಇರುತ್ತದಲ್ಲವೆ? ಸೂರ್ಯನು ವರ್ಷಕ್ಕೊಮ್ಮೆ ಮಾಡುವ ಆ ಉತ್ತರಾಯಣ ದಕ್ಷಿಣಾಯನಗಳನ್ನು ಚಂದ್ರನು ಪ್ರತಿ ತಿಂಗಳೂ ಮಾಡಿ ಮುಗಿಸುತ್ತಾನೆ.

ಕರವಾ ಚೌಥ್ ಮತ್ತು ಸಂಕಷ್ಟಿ

ಈ ಎರಡು ಕಾರಣಗಳು ಸೇರಿ ಎಂತಹ ಸೋಜಿಗವನ್ನು ಉಂಟುಮಾಡುತ್ತವೆಂಬುದಕ್ಕೆ ಒಂದು ರಾತ್ರಿಯನ್ನು ನೋಡೋಣ. ರಾಜಸ್ಥಾನದ ಮನೆಗಳಲ್ಲಿ ಮುತ್ತೈದೆಯರು ಕಾರ್ತಿಕ ಕೃಷ್ಣ ಚತುರ್ಥಿಯಂದು ‘ಕರವಾ ಚೌಥ್’ ಎಂಬ ವ್ರತವನ್ನು ಹಿಡಿಯುತ್ತಾರೆ. ಹಗಲೆಲ್ಲ ನೀರನ್ನೂ ಕುಡಿಯದೆ ಇದ್ದು, ರಾತ್ರಿ ಮಾಳಿಗೆಯನ್ನೇರಿ, ಚಂದ್ರನನ್ನು ಜರಡಿಯ ಮೂಲಕ ನೋಡಿ, ಅರ್ಘ್ಯವನ್ನಿತ್ತು, ಅನಂತರ ನೀರು ಕುಡಿಯುತ್ತಾರೆ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುವುದು. ನಮ್ಮ ಚಾಂದ್ರಮಾನದ ತಿಂಗಳು ಅಮಾವಾಸ್ಯೆಗೆ. ಆದುದರಿಂದ ಅವರು ಕಾರ್ತಿಕವೆನ್ನುವ ಆ ಪಕ್ಷವು ನಮಗೆ ಆಶ್ವಯುಜದ ಕೃಷ್ಣಪಕ್ಷ. ಆ ಚೌತಿಯೇ ನಮ್ಮ ಸಂಕಷ್ಟ ಚತುರ್ಥಿ. ಹೆಸರು ಬೇರೆ, ವ್ರತ ಬೇರೆ. ಕಾಯುವುದು ಮಾತ್ರ ಒಂದೇ ಚಂದ್ರನಿಗಾಗಿ.

ಯಾರಿಗೆ ಮೊದಲು ಚಂದ್ರದರ್ಶನವಾಗುವುದು? ಜೈಸಲ್ಮೇರು ನಮಗಿಂತ ಪಶ್ಚಿಮದಲ್ಲಿರುವುದರಿಂದ ನಮಗೇ ಮೊದಲು ಎಂದು ವಿದ್ಯಾರ್ಥಿಗಳು ಹೇಳಬಹುದು. ಆದರೆ ಆ ಚೌತಿಯಂದು ಚಂದ್ರನು ವೃಷಭರಾಶಿಯ ಆಸುಪಾಸಿನಲ್ಲಿದ್ದು ನಡುಗೆರೆಯಿಂದ ಬಹಳ ಉತ್ತರಕ್ಕಿರುತ್ತಾನೆ. 2023ರಿಂದ 2025ರವರೆಗಿನ ವರ್ಷಗಳಲ್ಲಿ ಆ ದೂರ ಸುಮಾರು 25 ಅಂಶದಷ್ಟಿತ್ತು. ಅಷ್ಟು ಉತ್ತರದಲ್ಲಿರುವ ಚಂದ್ರನು, ಅಕ್ಷಾಂಶದ ಕಾರಣದಿಂದ, ಜೈಸಲ್ಮೇರಿನಲ್ಲಿ ನಮಗಿಂತ ಸುಮಾರು 31 ನಿಮಿಷ ಬೇಗ ಮೂಡುತ್ತಾನೆ. ರೇಖಾಂಶದಿಂದಾಗುವ 16 ನಿಮಿಷದ ತಡವನ್ನು ಇದರಲ್ಲಿ ಕಳೆದರೂ 15 ನಿಮಿಷ ಉಳಿಯುತ್ತದೆ. ಪಶ್ಚಿಮದ ತುದಿಯಲ್ಲಿರುವ ಜೈಸಲ್ಮೇರಿನ ಗೃಹಿಣಿಯು ವ್ರತವನ್ನು ಮುಗಿಸಿ ಊಟಕ್ಕೆ ಕುಳಿತಾಗ, ಕಾಸರಗೋಡಿನ ತಾಯಿ ಇನ್ನೂ ಅಂಗಳದಲ್ಲಿ ನಿಂತಿರುತ್ತಾಳೆ!

ಜ್ಯೇಷ್ಠದ ಹುಣ್ಣಿಮೆಗೆ ಎಲ್ಲವೂ ತಿರುಗುಮುರುಗು. ಆಗ ಚಂದ್ರನು ಅಷ್ಟೇ ದಕ್ಷಿಣದಲ್ಲಿರಬಹುದು. ಎರಡು ಕಾರಣಗಳೂ ಒಂದೇ ಕಡೆಗೆ ಸೇರಿ, 31ಕ್ಕೆ 16 ಕೂಡಿ, ಜೈಸಲ್ಮೇರಿನಲ್ಲಿ ಚಂದ್ರನು ನಮಗಿಂತ ಮುಕ್ಕಾಲು ಗಂಟೆಯಷ್ಟು ತಡವಾಗಿ ಮೂಡುತ್ತಾನೆ. ಅವರಿಗೆ ಆಗ ದೂಳು, ನಮಗೆ ಮಳೆಮೋಡ. ಇಬ್ಬರಿಗೂ ಅವನು ಸುಲಭವಾಗಿ ಕಾಣುವುದಿಲ್ಲವೆಂಬುದು ಬೇರೆ ಮಾತು.

ದಿಗಂತವೆಂದರೆ ಯಾವುದು?

ಪಟ್ಟಿಗಳಲ್ಲಿ ಅಚ್ಚಾಗುವ ಚಂದ್ರೋದಯವು, ಯಾವ ಅಡ್ಡಿಯೂ ಇಲ್ಲದ ಸಮತಟ್ಟಾದ ದಿಗಂತದಲ್ಲಿ ಚಂದ್ರಬಿಂಬದ ಮೇಲಂಚು ಕಾಣಿಸಿಕೊಳ್ಳುವ ಕ್ಷಣ. ಜೈಸಲ್ಮೇರಿನ ಬಯಲಿನಲ್ಲಿ ದಿಗಂತವು ಬಹುಮಟ್ಟಿಗೆ ಹಾಗೆಯೇ ಇದೆ. ಈಚಿನ ವರ್ಷಗಳಲ್ಲಿ ಸುತ್ತಲೂ ಎದ್ದು ನಿಂತಿರುವ ಗಾಳಿಯಂತ್ರಗಳು ಮಾತ್ರ ಅಲ್ಲಲ್ಲಿ ಅಡ್ಡ ಬರುತ್ತವೆ. ಕೋಟೆಯ ಗುಡ್ಡವು ಬಯಲಿನಿಂದ ಸುಮಾರು 76 ಮೀಟರು ಎತ್ತರವಾದುದು. ಎತ್ತರದಲ್ಲಿ ನಿಂತವನಿಗೆ ದಿಗಂತವು ತುಸು ಕೆಳಗಿಳಿದು ಕಾಣುವುದರಿಂದ, ಕೋಟೆಯ ಮೇಲಿರುವವನು ಕೆಳಗಿರುವವನಿಗಿಂತ ಒಂದು ನಿಮಿಷಕ್ಕೂ ಸ್ವಲ್ಪ ಮುಂಚಿತವಾಗಿ ಚಂದ್ರನನ್ನು ಕಾಣುತ್ತಾನೆ. ಊರಿಗೊಂದು ಚಂದ್ರೋದಯವೆಂದೆವು; ಮಾಳಿಗೆಗೂ ಅಂಗಳಕ್ಕೂ ಸಹ ಬೇರೆ ಬೇರೆಯೆಂದರೆ ತಪ್ಪಾಗಲಾರದು.

ಗಾಳಿಯೂ ಇಲ್ಲಿ ತನ್ನ ಆಟವನ್ನು ಆಡುತ್ತದೆ. ದಿಗಂತದ ಬಳಿಯ ಬೆಳಕು ದಟ್ಟವಾದ ಗಾಳಿಯಲ್ಲಿ ಬಾಗಿ ಬರುವುದರಿಂದ ಚಂದ್ರನು ಅರ್ಧ ಅಂಶಕ್ಕಿಂತಲೂ ಸ್ವಲ್ಪ ಹೆಚ್ಚು ಮೇಲೆದ್ದಂತೆ ತೋರುತ್ತಾನೆ. ಚಂದ್ರಬಿಂಬದ ಅಗಲವೂ ಸುಮಾರು ಅರ್ಧ ಅಂಶವೇ. ಆ ಬೆಳಕೇ ಗಾಳಿಯಲ್ಲಿ ಬಹುದೂರ ಸಾಗಿ ಬರುವಾಗ ನೀಲಿಯು ಚದರಿಹೋಗಿ ಕೆಂಪುಹಳದಿಗಳು ಉಳಿಯುತ್ತವೆ. ಮೂಡುವ ಚಂದ್ರನು ಅರಿಸಿನ ಕುಂಕುಮ ಕಲಸಿದ ಬಣ್ಣದವನಾಗಿ ತೋರುವುದು ಇದರಿಂದಲೇ. ಮರಳಿನ ದೂಳಿರುವ ದಿನಗಳಲ್ಲಿ ಆ ಬಣ್ಣ ಇನ್ನಷ್ಟು ಗಾಢವಾಗುತ್ತದೆ.

ಮೂಡುವ ಚಂದ್ರನು ದೊಡ್ಡವನಾಗಿ ಕಾಣುವುದು ಮಾತ್ರ ಕಣ್ಣಿನ, ಅಲ್ಲ, ಮನಸ್ಸಿನ ಭ್ರಮೆ. ಕೈಯನ್ನು ನೇರವಾಗಿ ಚಾಚಿ ಕಿರುಬೆರಳನ್ನು ಹಿಡಿದರೆ ಮೂಡುವ ಚಂದ್ರನೂ ಮರೆಯಾಗುತ್ತಾನೆ, ನೆತ್ತಿಯ ಮೇಲಿನ ಚಂದ್ರನೂ ಅಷ್ಟೇ ಸುಲಭವಾಗಿ ಮರೆಯಾಗುತ್ತಾನೆ. ನಿಜಕ್ಕೂ ನೆತ್ತಿಯ ಮೇಲಿರುವಾಗಲೇ ಅವನು ನಮಗೆ ಭೂಮಿಯ ಅರೆವ್ಯಾಸದಷ್ಟು, ಎಂದರೆ ಸುಮಾರು 6,400 ಕಿಲೋಮೀಟರು, ಹತ್ತಿರವಾಗಿರುತ್ತಾನೆ. ಅವನ ಸರಾಸರಿ ದೂರ 3,84,400 ಕಿಲೋಮೀಟರು. ಆದುದರಿಂದ ಹಿರಿದಾಗಿ ತೋರಬೇಕಾದವನು ನೆತ್ತಿಯ ಚಂದ್ರನೇ.

ನೆತ್ತಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು. ಜೈಸಲ್ಮೇರು ಕರ್ಕಾಟಕ ಸಂಕ್ರಾಂತಿವೃತ್ತದ ಉತ್ತರಕ್ಕಿರುವುದರಿಂದ ಸೂರ್ಯನು ಅಲ್ಲಿ ಎಂದೂ ನೇರ ನೆತ್ತಿಯ ಮೇಲೆ ಬರಲಾರ. ಚಂದ್ರನಿಗೆ ಆ ನಿರ್ಬಂಧವಿಲ್ಲ. ಅವನ ದಾರಿಯು ಸೂರ್ಯನ ದಾರಿಗೆ ಸುಮಾರು 5 ಅಂಶ ಓರೆಯಾಗಿದ್ದು, 18.6 ವರ್ಷಗಳ ಒಂದು ಆವರ್ತದಲ್ಲಿ ಆ ಓರೆಯ ದಿಕ್ಕು ಬದಲಾಗುತ್ತದೆ. ಆವರ್ತದ ಒಂದು ತುದಿಯಲ್ಲಿ ಚಂದ್ರನು ನಡುಗೆರೆಯಿಂದ 28½ ಅಂಶದವರೆಗೂ ಹೋಗುತ್ತಾನೆ. ಇನ್ನೊಂದು ತುದಿಯಲ್ಲಿ ಸುಮಾರು 18 ಅಂಶಕ್ಕೇ ನಿಲ್ಲುತ್ತಾನೆ. 2024 ಮತ್ತು 2025ರಲ್ಲಿ ಅವನು ದೂರದ ತುದಿಯಲ್ಲಿದ್ದನು. ಆ ವರ್ಷಗಳಲ್ಲಿ ಜೈಸಲ್ಮೇರಿನವರು ಚಂದ್ರನನ್ನು ನೆತ್ತಿಯ ಮೇಲೆ ಮಾತ್ರವಲ್ಲ, ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿದಂತೆಯೂ ಕಾಣಬಹುದಾಗಿತ್ತು. 2034ರ ಸುಮಾರಿಗೆ ಅವನು ಕಿರಿದಾದ ತುದಿಗೆ ಬರುತ್ತಾನೆ. ಇಂದು ಏಳನೆಯ ತರಗತಿಯಲ್ಲಿ ಓದುವ ಮಕ್ಕಳು ಇದನ್ನು ನೆನಪಿಟ್ಟರೆ ತಮ್ಮ ಜೀವಮಾನದಲ್ಲಿ ಮೂರು ನಾಲ್ಕು ಸಲ ಈ ಆವರ್ತವನ್ನು ಕಾಣಬಹುದು.

ನಮ್ಮ ಅಂಗಳಕ್ಕೆ

ಈಗ ಅಂಗಳದಲ್ಲಿ ನಿಲ್ಲಿಸಿಬಂದ ಮಗುವಿನ ಕಡೆಗೆ ಹಿಂದಿರುಗೋಣ. ಮನೆಯ ಪಂಚಾಂಗದಲ್ಲಿರುವ ವೇಳೆಯು ಯಾವ ಊರಿನದೆಂಬುದನ್ನು ಮೊದಲು ನೋಡಬೇಕು. ಗಡಿನಾಡಿನವರಾದ ನಮ್ಮ ಮನೆಗಳಿಗೆ ಕನ್ನಡ ಕ್ಯಾಲೆಂಡರು ಒಂದು ಊರಿನಿಂದ ಬರುತ್ತದೆ, ಮಲಯಾಳ ಕ್ಯಾಲೆಂಡರು ಇನ್ನೊಂದು ಊರಿನಿಂದ. ಎರಡನ್ನೂ ಪಕ್ಕಪಕ್ಕದಲ್ಲಿ ತೂಗಿಹಾಕಿ, ಎರಡರಲ್ಲಿಯೂ ಬೇರೆ ಬೇರೆ ವೇಳೆಯಿರುವುದನ್ನು ಕಂಡು, ಯಾವುದೋ ಒಂದು ತಪ್ಪೆಂದು ವಾದಿಸುವವರಿದ್ದಾರೆ. ಎರಡೂ ಸರಿಯಾಗಿರಬಹುದು, ಎರಡೂ ನಮ್ಮ ಊರಿನವಲ್ಲದಿರಬಹುದು. ಬೆಂಗಳೂರಿಗೆ ಲೆಕ್ಕ ಹಾಕಿದ ವೇಳೆಯಾದರೆ, ಬೆಂಗಳೂರು ಸುಮಾರು 77.6 ಅಂಶದ ಮೇಲಿರುವುದರಿಂದ, ನಮ್ಮ ಚಂದ್ರೋದಯವು ಅದಕ್ಕಿಂತ 10 ನಿಮಿಷ ತಡ. ಎರಡು ಊರುಗಳ ಅಕ್ಷಾಂಶಗಳು ಹೆಚ್ಚುಕಡಮೆ ಒಂದೇ ಆದುದರಿಂದ ಬೇರೆ ತಿದ್ದುಪಡಿ ಬೇಕಿಲ್ಲ. ಮಂಗಳೂರಿನ ಲೆಕ್ಕವಾದರೆ ಅದನ್ನೇ ಬಳಸಬಹುದು.

ಎರಡನೆಯದಾಗಿ ಪೂರ್ವದ ಗುಡ್ಡವನ್ನು ಅಳೆಯಬೇಕು. ಚಾಚಿದ ಕೈಯ ಎರಡು ಬೆರಳುಗಳ ಅಗಲ ಆಕಾಶದಲ್ಲಿ ಸುಮಾರು 3 ಅಂಶ. ಗುಡ್ಡದ ನೆತ್ತಿಯೋ ತೋಟದ ಮರಗಳ ತಲೆಯೋ ಅಷ್ಟು ಎತ್ತರವಿದ್ದರೆ ಚಂದ್ರನು ಅದನ್ನು ಏರಿ ಬರಲು 12 ರಿಂದ 14 ನಿಮಿಷ ಬೇಕು. ಹತ್ತಕ್ಕೆ ಇದನ್ನು ಕೂಡಿಸಿದರೆ 22 ರಿಂದ 24 ನಿಮಿಷ. ಮಗು “ಇಲ್ಲ ಅಮ್ಮಾ” ಎಂದುದಕ್ಕೆ ಕಾರಣವು ದೊರೆಯಿತಲ್ಲವೆ? ಪಂಚಾಂಗವೂ ಸತ್ಯ, ಗಡಿಯಾರವೂ ಸತ್ಯ, ಮಗುವಿನ ಕಣ್ಣೂ ಸತ್ಯ. ವ್ರತವನ್ನು ಲೆಕ್ಕದ ವೇಳೆಗೆ ಮುಗಿಸಬೇಕೋ ಕಂಡ ಮೇಲೆ ಮುಗಿಸಬೇಕೋ ಎಂಬುದು ಆಯಾ ಮನೆಯ ಹಿರಿಯರಿಗೆ ಸೇರಿದ ವಿಚಾರ; ನಾವು ಅದರಲ್ಲಿ ತಲೆಹಾಕುವುದಿಲ್ಲ. ಎಷ್ಟು ಹೊತ್ತು ಕಾಯಬೇಕಾದೀತೆಂದು ಮುಂಚಿತವಾಗಿಯೇ ತಾಯಿಗೆ ತಿಳಿಸುವಷ್ಟು ಬಲ್ಲ ಮಗುವೊಂದು ಪ್ರತಿ ಮನೆಯಲ್ಲಿಯೂ ಇರಲಿ ಎಂಬುದಷ್ಟೇ ನಮ್ಮ ಆಶೆ.

ಚಂದ್ರೋದಯಕ್ಕೆ ಗುಡ್ಡವು ಅಡ್ಡವಾದರೂ ಚಂದ್ರಾಸ್ತಕ್ಕೆ ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ. ಮರುಭೂಮಿಗೆ ಮರಳು ಹೇಗೋ ನಮಗೆ ಕಡಲು ಹಾಗೆ. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಸೇರಿಬಂದಿರುವ ಬೇಕಲ ಕೋಟೆಯ ಬಳಿ, ಮಳೆಗಾಲವಲ್ಲದ ಒಂದು ಹುಣ್ಣಿಮೆಯ ಮರುಬೆಳಗ್ಗೆ, ಹಿರಿಯರೊಡನೆ ಹೋಗಿ ನಿಂತರೆ, ಹಿಂದೆ ಸೂರ್ಯೋದಯವಾಗುವ ಆಸುಪಾಸಿನಲ್ಲಿ ಮುಂದೆ ಚಂದ್ರನು ಸಮುದ್ರದಲ್ಲಿ ಇಳಿಯುವುದನ್ನು ಕಾಣಬಹುದು. ಅಮಾವಾಸ್ಯೆ ಕಳೆದ ಬಿದಿಗೆಯ ಸಂಜೆ ಅದೇ ಕಡಲಿನ ಮೇಲೆ ಎಳೆಯ ಚಂದ್ರರೇಖೆ ಕಾಣುತ್ತದೆ. ನಮ್ಮ ಮುಸಲ್ಮಾನ ಸಹೋದರರು ತಿಂಗಳ ಆರಂಭವನ್ನು ಅರಿಯಲು ಎದುರುನೋಡುವುದೂ ಆ ರೇಖೆಯನ್ನೇ. ಜೈಸಲ್ಮೇರಿನ ಬಯಲಿನಲ್ಲಿಯೂ ಅದಕ್ಕಾಗಿ ಕಾಯುವವರಿದ್ದಾರೆ. ರೇಖೆಯ ಒಳಗೆ ಉಳಿದ ಬಿಂಬವು ಬೂದಿಯ ಬಣ್ಣದಲ್ಲಿ ಮಂದವಾಗಿ ತೋರುವುದನ್ನು ಗಮನಿಸಬೇಕು. ಅದು ನಮ್ಮ ಭೂಮಿಯೇ ಚಂದ್ರನ ಮೇಲೆ ಚೆಲ್ಲಿದ ಬೆಳಕು.

ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಸುಲಭವಾದುದು. ಒಂದು ನೋಟುಪುಸ್ತಕದಲ್ಲಿ ಐದು ಅಂಕಣಗಳನ್ನು ಎಳೆಯಿರಿ: ತಾರೀಕು, ತಿಥಿ, ಚಂದ್ರನು ಕಂಡ ವೇಳೆ, ಕಂಡ ಸ್ಥಳ, ಆಕಾಶದ ಸ್ಥಿತಿ. ಸ್ಥಳವನ್ನು ಬರೆಯಲು ಅಂಗಳದಿಂದ ಕಾಣುವ ಮರ, ಗುಡ್ಡ, ನೆರೆಮನೆಯ ಮಾಡು ಇವೇ ಸಾಕು. ಎರಡು ವಾರಗಳಲ್ಲಿ ಚಂದ್ರನು ಮೂಡುವ ಸ್ಥಳವು ಈಶಾನ್ಯದ ಕಡೆಯಿಂದ ಆಗ್ನೇಯದ ಕಡೆಗೆ ಎಷ್ಟು ದೂರ ಸರಿಯುತ್ತದೆಂಬುದನ್ನು ಕಂಡು ನೀವೇ ಬೆರಗಾಗುವಿರಿ. ಚಂದ್ರನನ್ನು ಬರಿಗಣ್ಣಿನಿಂದ ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ಕೇಡಿಲ್ಲ. ಸೂರ್ಯನನ್ನು ಮಾತ್ರ ಎಂದಿಗೂ ನೇರವಾಗಿ ನೋಡಬಾರದು. ಮೋಡವಿದ್ದು ಕಾಣದ ದಿನ ‘ಕಾಣಲಿಲ್ಲ’ ಎಂದೇ ಬರೆಯಿರಿ, ಊಹಿಸಿ ಬರೆಯಬೇಡಿ.

ಇಂತಹ ಲೆಕ್ಕವು ಎಳೆಯರ ಆಟವೆಂದು ಯಾರೂ ಎಣಿಸದಿರಲಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣಧ್ರುವದ ಸಮೀಪದ ಪ್ರದೇಶದಲ್ಲಿ ಇಳಿಯಿತಷ್ಟೆ. ಆ ದಿನವನ್ನು ಆರಿಸುವಾಗಲೂ ಒಂದು ಉದಯದ ವೇಳೆಯನ್ನೇ ನೋಡಬೇಕಾಗಿತ್ತು: ಇಳಿಯುವ ಸ್ಥಳದಲ್ಲಿ ಸೂರ್ಯನು ಮೂಡಿದ ಹೊಸತರಲ್ಲಿಯೇ ಇಳಿದರೆ, ಸುಮಾರು ಹದಿನಾಲ್ಕು ದಿನಗಳಷ್ಟು ಉದ್ದವಾದ ಅಲ್ಲಿಯ ಹಗಲು ಪೂರ್ತಿಯಾಗಿ ಕೆಲಸಕ್ಕೆ ದೊರೆಯುತ್ತಿತ್ತು. ಯಾವ ಸ್ಥಳಕ್ಕೆ ಯಾವ ವೇಳೆ ಎಂಬ ಪ್ರಶ್ನೆ ಅಲ್ಲಿಯೂ ಅದೇ, ನಮ್ಮ ಅಂಗಳದಲ್ಲಿಯೂ ಅದೇ.

ಮುಂದಿನ ಸಂಕಷ್ಟಿಯ ಸಂಜೆ ನಮ್ಮ ವಿದ್ಯಾರ್ಥಿಗಳು ಪಂಚಾಂಗದ ವೇಳೆಯನ್ನು ನೋಡಿ, ಊರಿನ ತಿದ್ದುಪಡಿಯನ್ನು ಮಾಡಿ, ಗುಡ್ಡದ ಎತ್ತರವನ್ನು ಬೆರಳಿನಿಂದ ಅಳೆದು, ತಾಯಿಗೆ ಇಂಥ ಹೊತ್ತಿಗೆ ಚಂದ್ರನು ಕಾಣುವನೆಂದು ಹೇಳಲಿ. ಆ ಹೊತ್ತಿಗೆ ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ನಿಲ್ಲಲಿ. ಲೆಕ್ಕವು ಒಂದೆರಡು ನಿಮಿಷ ತಪ್ಪಿದರೆ ಅದನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ತಿಂಗಳು ತಿದ್ದಿಕೊಳ್ಳಲಿ.